ಆ ಒಂದು ಪದ ಹೊಡೆದು ಹಾಕು

ಪ್ರೀತಿಯ ತಮ್ಮ,

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳು, ಮತ್ತು ರಾಜಕೀಯದ ಬಗ್ಗೆ ನೀನು ಬರೆದು ಕಳಿಸಿದ 72 ಪುಟ ಕೈಗೆ ಬಂದು ಹತ್ತು ದಿನವಾಯಿತು. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತು, ‘ವ್ಯವಸ್ಥೆ’ ಅನ್ನುವ ಪದ ಬಂದಲ್ಲೆಲ್ಲ ಅಡಿಗೆರೆ ಎಳೆಯುತ್ತಾ ಹೋದೆ. ಒಟ್ಟು 94 ಗೆರೆ. ಅದರ ಬಗ್ಗೆ ನಿನ್ನ ಹತ್ತಿರ ಜಗಳ ಆಡುವುದಿದೆ.

ಮೊದಲು ನಿನ್ನ ಪತ್ರದ ಮಾತು. ಸಂಪಾದಕರೊಬ್ಬರು ‘ಕಾರ್ಟೂನಿಗೂ ರಾಜಕೀಯಕ್ಕೂ ಏನಪ್ಪಾ ಸಂಬಂಧ’ ಅಂತ ಲೇಖನ ವಾಪಸ್ ಕಳಿಸಿದರಂತೆ. ಅದಕ್ಕೆ ನೀನು ಬರೆಯುವುದನ್ನೇ ಬಿಡುತ್ತೀಯಂತೆ. ಅವರು ಅನಿಮೆ ನೋಡಿಲ್ಲ, ಅಷ್ಟೇ. ನಾನೂ ನೋಡಿರಲಿಲ್ಲ. ಮೊಣಕಾಲು ಆಪರೇಷನ್ ಆಗಿ ಎರಡು ತಿಂಗಳು ಮಂಚದಲ್ಲಿದ್ದಾಗ ಮೊಮ್ಮಗಳು ಪಕ್ಕದಲ್ಲಿ ಕೂತು ತೋರಿಸಿದಳು. ಯಾರೋ ಒಬ್ಬರು ನೋಡಿಲ್ಲ ಅಂತ ನೀನು ಯಾಕೆ ಬಿಡಬೇಕು? ಪುಟ ಎಷ್ಟಿರಬೇಕು, ಯಾವ ಪ್ರಕಾಶಕರು ಒಳ್ಳೆಯವರು, ಜಪಾನಿ ಹೆಸರುಗಳನ್ನು ಹೇಗೆ ಬರೆಯಬೇಕು ಅಂತ ಕೇಳಿದ್ದೀಯ. ಅದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ.

ಈಗ ಜಗಳ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಬಗ್ಗೆ ಹದಿನೆಂಟು ಪುಟ ಬರೆದಿದ್ದೀಯ. ಅದರಲ್ಲಿ ಹದಿನಾಲ್ಕು ಪುಟ ದೇಶದ ಸರ್ವಾಧಿಕಾರಿ ಕಿಂಗ್ ಬ್ರಾಡ್ಲಿಗೆ. ಶೌ ಟಕರ್‌ಗೆ ಒಂದೇ ಸಾಲು: ‘ಟಕರ್ ಮಿಲಿಟರಿ ವ್ಯವಸ್ಥೆಯ ಕ್ರೌರ್ಯಕ್ಕೆ ಸಾಕ್ಷಿ.’ ಈ ಸಾಲು ಓದಿ ನನಗೆ ನಿಜವಾಗಲೂ ಸಿಟ್ಟು ಬಂತು.

ಆ ನಾಲ್ಕನೇ ಕಂತನ್ನು ಇನ್ನೊಂದು ಸಲ ನೋಡು. ಟಕರ್‌ಗೆ ರಸವಿದ್ಯೆ, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಬದಲಿಸುವ ವಿದ್ಯೆ, ಮಾಡಲು ಸರ್ಕಾರದ ಲೈಸೆನ್ಸ್ ಇದೆ, ದೊಡ್ಡ ಮನೆ ಇದೆ. ಆದರೆ ಪ್ರತಿ ವರ್ಷ ಅಧಿಕಾರಿಗಳ ಮುಂದೆ ಏನಾದರೂ ಹೊಸದು ಮಾಡಿ ತೋರಿಸಬೇಕು. ಕಳೆದ ಸಲ ಚೆನ್ನಾಗಿ ಆಗಿಲ್ಲ. ಈ ಸಲವೂ ಆಗದಿದ್ದರೆ ಲೈಸೆನ್ಸ್ ಹೋಗುತ್ತದೆ, ಹಳೆಯ ಬಡತನ ವಾಪಸ್ ಬರುತ್ತದೆ. ಅವನ ಪುಟ್ಟ ಮಗಳು ನೀನಾ ದೊಡ್ಡ ನಾಯಿಯ ಜೊತೆ ಅಂಗಳದಲ್ಲಿ ಆಡುತ್ತಿರುತ್ತಾಳೆ. ಮುಂದಿನ ಸಲ ಕಥಾನಾಯಕ ಹುಡುಗ ಎಡ್ವರ್ಡ್ ಮನೆಗೆ ಬಂದಾಗ ಮಗಳೂ ಇಲ್ಲ, ನಾಯಿಯೂ ಇಲ್ಲ. ಮಾತಾಡುವ ಒಂದು ಪ್ರಾಣಿ ಇದೆ. ಅದು ಅವನನ್ನು ‘ಅಣ್ಣಾ’ ಅನ್ನುತ್ತದೆ. ಆಗ ಆ ಹುಡುಗ ಕಿರುಚುವುದಿಲ್ಲ. ತಾರೀಖು ಕೇಳುತ್ತಾನೆ. ಲೈಸೆನ್ಸ್ ಸಿಕ್ಕಿದ್ದು ಯಾವಾಗ? ಎರಡು ವರ್ಷದ ಹಿಂದೆ. ಹೆಂಡತಿ ಮನೆ ಬಿಟ್ಟು ಹೋದದ್ದು ಯಾವಾಗ? ಎರಡು ವರ್ಷದ ಹಿಂದೆ.

ಮೊದಲು ಹೆಂಡತಿಯನ್ನು, ಈಗ ಮಗಳನ್ನೂ ನಾಯಿಯನ್ನೂ ಬೆಸೆದು ಅವನು ಪ್ರಾಣಿ ಮಾಡಿದ್ದ. ನೋಡಿದೆಯಾ? ಮಗಳನ್ನು ಕೊಡು ಅಂತ ಅಲ್ಲಿ ಯಾವ ಅಧಿಕಾರಿಯೂ ಕೇಳಿರಲಿಲ್ಲ. ಪರೀಕ್ಷೆಯ ದಿನ ಗೊತ್ತು ಮಾಡಿದ್ದರು, ಅಷ್ಟೇ. ಮಿಕ್ಕಿದ್ದನ್ನೆಲ್ಲ ಸಂಬಳದ ಭಯ ಮಾಡಿಸಿತು. ಈ ಕಥೆ ಬರೆದ ಹಿರೋಮು ಅರಕಾವಾ ಹೊಕ್ಕೈಡೊದಲ್ಲಿ ಹೈನುಗಾರಿಕೆ ಮಾಡುವ ಮನೆಯಲ್ಲಿ ಬೆಳೆದವರು. ಕಥೆಯಲ್ಲಿ ಬರುವ ಇಶ್ವಾಲ್ ನರಮೇಧಕ್ಕಾಗಿ ಯುದ್ಧಕ್ಕೆ ಹೋಗಿ ಬಂದ ಹಿರಿಯರನ್ನು ಕಂಡು ಮಾತಾಡಿಸಿದ್ದರು. ಅದಕ್ಕೇ ಅವರ ಸೈನಿಕರಿಗೆ ಮುಖ ಇದೆ, ಕೈ ಇದೆ. ನಿನ್ನ ಹದಿನಾಲ್ಕು ಪುಟದ ಬ್ರಾಡ್ಲಿಗೆ ಖಡ್ಗ ಇದೆ, ಕೈ ಕಾಣಿಸುವುದಿಲ್ಲ.

‘ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ವಿಷಯದಲ್ಲೂ ಹೀಗೇ ಮಾಡಿದ್ದೀಯ. ತಂತ್ರಜ್ಞಾನ, ಮನುಷ್ಯ, ಆತ್ಮ ಅಂತ ಏನೇನೋ ಬರೆದೆ. ಲಾಫಿಂಗ್ ಮ್ಯಾನ್ ಅನ್ನುವ ಹ್ಯಾಕರ್ ಯಾಕೆ ಸಿಟ್ಟಾದ ಅಂತ ಬರೆಯಲಿಲ್ಲ. ಒಂದು ಕಾಯಿಲೆಗೆ ಕೆಲಸ ಮಾಡುವ ಲಸಿಕೆ ಇತ್ತು. ಅದನ್ನು ತಡೆಹಿಡಿದು, ಕೆಲಸಕ್ಕೆ ಬಾರದ ದುಬಾರಿ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು. ತಡೆಹಿಡಿದ ಆ ಲಸಿಕೆ ಆಯ್ದ ಕೆಲವರಿಗೆ ಮಾತ್ರ ಗುಟ್ಟಾಗಿ ಸಿಗುತ್ತಿತ್ತು. ಅವರ ಹೆಸರಿನ ಒಂದು ಪಟ್ಟಿಯೂ ಇತ್ತು. ಇಡೀ ಕಥೆ ನಿಂತಿರುವುದು ಆ ಹಾಳೆಗಳ ಮೇಲೆ!

ಇದು 2002ರಲ್ಲಿ ಬಂದ ಸರಣಿ. ಅದಕ್ಕೆ ಆರು ವರ್ಷ ಮೊದಲು ಜಪಾನಿನಲ್ಲಿ ಏನಾಗಿತ್ತು ಅಂತ ಓದಿದ್ದೀಯಾ? 1980ರ ದಶಕದಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದವರಿಗೆ ಕೊಡುತ್ತಿದ್ದ ರಕ್ತದ ಔಷಧದಿಂದ ಸಾವಿರಕ್ಕೂ ಜಾಸ್ತಿ ಜನರಿಗೆ ಎಚ್‌ಐವಿ ತಗುಲಿತು. ಬಿಸಿ ಮಾಡಿ ವೈರಸ್ ಕೊಂದ ಔಷಧಕ್ಕೆ ಅಮೆರಿಕದಲ್ಲಿ 1983ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಜಪಾನಿನಲ್ಲಿ ಸಿಕ್ಕಿದ್ದು 1985ರಲ್ಲಿ. ಅಲ್ಲಿಯವರೆಗೆ ಹಳೆಯದನ್ನೇ ಚುಚ್ಚಿದರು. ಆ ಕಾಲದ ಕಡತಗಳನ್ನು ಕೇಳಿದರೆ ಆರೋಗ್ಯ ಸಚಿವಾಲಯದವರು ಸಿಗುತ್ತಿಲ್ಲ ಅನ್ನುತ್ತಿದ್ದರು. 1996ರಲ್ಲಿ ನವೋಟೊ ಕಾನ್ ಮಂತ್ರಿಯಾಗಿ ಬಂದು ಹುಡುಕಿ ಅಂದರು. ಫೈಲುಗಳು ಸಚಿವಾಲಯದ ಒಳಗೇ ಸಿಕ್ಕವು. ಕಾನ್ ರೋಗಿಗಳ ಕ್ಷಮೆ ಕೇಳಿದರು. ಆಮೇಲೆ ಒಬ್ಬ ಅಧಿಕಾರಿಗೆ ಶಿಕ್ಷೆ ಆಯಿತು. ಅವನು ಲಂಚ ತಿಂದ ಅಂತ ಅಲ್ಲ, ತಡೆಯಬೇಕಾದ ಹೊತ್ತಿನಲ್ಲಿ ತಡೆಯಲಿಲ್ಲ ಅಂತ. ಜಪಾನಿನ ಸುಪ್ರೀಂ ಕೋರ್ಟ್ 2008ರಲ್ಲಿ ಆ ತೀರ್ಪನ್ನು ಎತ್ತಿ ಹಿಡಿಯಿತು. ಇಷ್ಟನ್ನು ಕಂಡ ಜನ ಆ ಸರಣಿ ನೋಡುವಾಗ ಅವರಿಗೆ ಏನೇನು ನೆನಪಾಗಿರಬೇಕು, ಯೋಚನೆ ಮಾಡು. ಬೀರುವಿನಲ್ಲಿ ಮಲಗಿದ್ದ ಒಂದು ಫೈಲು, ತಮ್ಮ. ನೀನು ಅದನ್ನು ‘ವ್ಯವಸ್ಥೆಯ ವೈಫಲ್ಯ’ ಅಂದುಬಿಟ್ಟರೆ ಆ ಬೀರು ತೆರೆಯುವವರು ಯಾರು?

ನನಗೆ ಈ ಪದದ ಮೇಲೆ ಯಾಕೆ ಇಷ್ಟು ಕೋಪ ಅಂತ ಕೇಳುತ್ತೀಯ. ಹೇಳುತ್ತೇನೆ. ಇದನ್ನು ಜಾಸ್ತಿ ಜನರಿಗೆ ಹೇಳಿಲ್ಲ.

ನನಗಾಗ ಇಪ್ಪತ್ತಾರು. ನಮ್ಮ ಊರಿನ ಹಾಸ್ಟೆಲಿಗೆ ಬರುತ್ತಿದ್ದ ಅಕ್ಕಿ ರಾತ್ರಿ ಹಿಂದಿನ ಬಾಗಿಲಿಂದ ಗಾಡಿ ಹತ್ತುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೆ. ಮೂಟೆ ಮೇಲಿನ ಮೊಹರು ನೋಡಿದ್ದೆ. ರಿಜಿಸ್ಟರಿನಲ್ಲಿ ‘ಪೂರ್ತಿ ಬಂದಿದೆ’ ಅಂತ ಸಹಿ ಹಾಕುತ್ತಿದ್ದವರು ಯಾರು ಅಂತಲೂ ಗೊತ್ತಿತ್ತು. ಕಥೆ ಬರೆಯಲು ಕೂತೆ. ಗಾಡಿ ಬಿಟ್ಟೆ, ಮೊಹರು ಬಿಟ್ಟೆ, ರಿಜಿಸ್ಟರ್ ಬಿಟ್ಟೆ. ಹಸಿವು, ಕತ್ತಲು, ವ್ಯವಸ್ಥೆ ಅಂತೆಲ್ಲ ಚೆಂದ ಚೆಂದ ಬರೆದೆ. ಬಹುಮಾನ ಬಂತು. ಸಭೆಯಲ್ಲಿ ಶಾಲು ಹೊದಿಸಿದರು. ಸಹಿ ಹಾಕುತ್ತಿದ್ದ ಆ ಮನುಷ್ಯ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತಿರ ಬಂದು, ‘ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮ, ಏನು ಮಾಡೋದು, ವ್ಯವಸ್ಥೆನೇ ಹಾಗಿದೆ’ ಅಂದರು. ನಾನು ಕೈ ಮುಗಿದೆ. ಆ ವರ್ಷ ಪೂರ್ತಿ ಮಕ್ಕಳು ನೀರು ಗಂಜಿ ಕುಡಿದರು. ಶಾಲು ಇನ್ನೂ ಟ್ರಂಕಿನಲ್ಲಿದೆ. ಒಂದು ಸಲವೂ ಹೊದ್ದಿಲ್ಲ.

ಆ ಕಥೆ ಹೊಗಳಿ ಬಂದ ಕಾಗದಗಳನ್ನೆಲ್ಲ ಹರಿದು ಹಾಕಿದೆ. ಆದರೂ ಆ ಚಪ್ಪಾಳೆ ಕಿವಿಯಿಂದ ಹೋಗಿಲ್ಲ.

‘ಒನ್ ಪೀಸ್’ ಸರಣಿಯ ಕಡಲುಗಳ್ಳರ ಬಾವುಟದ ಬಗ್ಗೆ ನೀನು ಬರೆದದ್ದು ಬಿಸಿಯಾಗಿದೆ, ಚೆನ್ನಾಗಿದೆ. 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಭ್ರಷ್ಟಾಚಾರದ ವಿರುದ್ಧ ಎದ್ದ ಹುಡುಗರು ಸರ್ಕಾರಿ ಕಚೇರಿಗಳಿರುವ ಸಿಂಹ ದರ್ಬಾರಿನ ಗೇಟಿಗೆ ಆ ಹುಲ್ಲಿನ ಟೋಪಿಯ ತಲೆಬುರುಡೆ ಕಟ್ಟಿದ್ದನ್ನು ನಾನೂ ಫೋಟೋದಲ್ಲಿ ನೋಡಿದೆ. ಮೈ ಜುಮ್ಮೆಂದಿತು. ಅದಕ್ಕೂ ಮೊದಲು ಇಂಡೋನೇಷ್ಯಾದಲ್ಲಿ ಲಾರಿಗಳ ಮೇಲೆ ಅದೇ ಬಾವುಟ ಹಾರಿತ್ತು. ಅದು ಇರಲಿ, ಆದರೆ ಪುಸ್ತಕ ಅಲ್ಲಿಂದ ಶುರುವಾಗಬಾರದು.

ಶುರುವಾಗಬೇಕಾದ್ದು ಪುಟ 68ರಲ್ಲಿ ಇದೆ. ನಾಲ್ಕೇ ಸಾಲು ಬರೆದು ಮುಂದೆ ಓಡಿದ್ದೀಯ. ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿತ್ತು. ತಿದ್ದಿಸಲು ನೀನು ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಏಳನೇ ಸಲ ಹೋದಾಗ ಅಪ್ಪ ಮಾತಾಡದೆ ಜೇಬಿನಿಂದ ಕವರ್ ತೆಗೆದರು. ಕೇಸ್ ವರ್ಕರ್ ಅದನ್ನು ತಗೊಂಡು, ನಗುತ್ತಾ ನಿನ್ನ ಕಡೆ ತಿರುಗಿ ‘ಏನು ಓದ್ತಿದ್ದೀಯ ಮರಿ, ಚೆನ್ನಾಗಿ ಓದು’ ಅಂದರು. ಅದೇ ರಾತ್ರಿ ನೀನು ನೀನಾಳ ಕಂತು ನೋಡಿದೆ, ನಿದ್ದೆ ಬರಲಿಲ್ಲ.

ಇಂಥದ್ದನ್ನು 68ನೇ ಪುಟದಲ್ಲಿ ಬಚ್ಚಿಡುತ್ತಾರಾ? ಆ ಮನುಷ್ಯನ ದನಿಯಲ್ಲಿ ಪ್ರೀತಿ ನಿಜವಾಗಲೂ ಇತ್ತು ಅಂತ ಬರೆದಿದ್ದೀಯ. ಟಕರ್‌ಗೂ ಮಗಳ ಮೇಲೆ ಪ್ರೀತಿ ಇತ್ತಲ್ವಾ? ಅದನ್ನೇ ಹಿಡಿದು ಕೂರು. ಬ್ರಾಡ್ಲಿಯನ್ನು ಎರಡು ಪುಟಕ್ಕೆ ಇಳಿಸು.

ಒಂದು ವಿಷಯ ಕೇಳಬೇಕು. ಆ ಕವರನ್ನು ಅವರು ಎಲ್ಲಿಟ್ಟರು? ಡ್ರಾಯರಿನಲ್ಲಾ, ಜೇಬಿನಲ್ಲಾ, ಇಲ್ಲ ನಿಮ್ಮ ಫೈಲಿನ ಒಳಗೇನಾ? ಅಪ್ಪ ಆಗ ಯಾವ ಕಡೆ ನೋಡುತ್ತಿದ್ದರು? ಅಪ್ಪನನ್ನು ಕೇಳಬೇಡ, ನೊಂದುಕೊಳ್ಳುತ್ತಾರೆ. ನೀನೇ ನೆನಪು ಮಾಡಿಕೊಂಡು ಬರೆದು, ದಸರಾ ಒಳಗೆ ಕಳಿಸು. ಪೆನ್ಸಿಲ್ ಇಟ್ಟುಕೊಂಡೇ ಇರುತ್ತೇನೆ.

ಪ್ರೀತಿಯಿಂದ,
ನಿನ್ನ ಮೇಡಂ