ಪುಲ್-ಅಪ್: ಮೊದಲು ಇಳಿಯುವುದನ್ನು ಹೇಳಿಕೊಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳ ಕುರಿತು ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ದಂಡ, ಬಸ್ಕಿಗಳ ವಿವರ ಅವುಗಳಲ್ಲಿ ಧಾರಾಳವಾಗಿರುತ್ತದೆ; ತಲೆಯ ಮೇಲಿನ ಅಡ್ಡ ಸಲಾಕೆಗೆ (ಬಾರ್) ಜೋತು ಮೈಯನ್ನು ಮೇಲೆಳೆಯುವ ಪುಲ್-ಅಪ್ ವಿಷಯ ಮಾತ್ರ ಬಾರ್ ಹಿಡಿದು ಹತ್ತು ಸಲ ಮೇಲೇರಿ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಒಂದು ಸಲವೂ ಏರಲಾಗದವರು ಏನು ಮಾಡಬೇಕು? ಹೊಸಬರಲ್ಲಿ ಬಹುಪಾಲು ಅಂಥವರೇ.

ದಂಡ ಹೊಡೆದರೆ ಎದೆ, ಭುಜ, ತೋಳಿನ ಹಿಂಭಾಗ ದುಡಿಯುತ್ತವೆ. ಬೆನ್ನಿನ ಅಗಲ ಸ್ನಾಯುಗಳಿಗೂ ಕೈಹಿಡಿತಕ್ಕೂ ಕೆಲಸ ಸಿಗಬೇಕಾದರೆ ಏನನ್ನಾದರೂ ಎಳೆಯಬೇಕು, ಅದಕ್ಕೆ ಒಂದು ಬಾರ್ ಸಾಕು. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಎಲ್ಲ ಪ್ರಮುಖ ಸ್ನಾಯುಗಳಿಗೂ ಬಲವರ್ಧಕ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವಾಗ ಬೆನ್ನನ್ನು ಮಾತ್ರ ಕೈಬಿಡುವುದು ಸರಿಯಲ್ಲ.

ಕಾಲು ಝಾಡಿಸಿ, ಕತ್ತು ಚಾಚಿ ಏರಲು ಎರಡು ತಿಂಗಳು ಹೆಣಗಿದ ನನಗೆ ದಕ್ಕಿದ್ದು ಮೊಣಕೈಯ ಒಳಬದಿಯ ನೋವು. ದಾರಿ ತೆರೆದದ್ದು ಉಲ್ಟಾ ಹೊರಟಾಗ: ಗಟ್ಟಿ ಸ್ಟೂಲಿನ ಮೇಲೆ ನಿಂತು, ಅಂಗೈ ನನ್ನ ಕಡೆಗಿರುವಂತೆ ಬಾರ್ ಹಿಡಿದು, ಗದ್ದ ಬಾರಿಗಿಂತ ಮೇಲಿರುವಾಗಲೇ ಕಾಲೆತ್ತಿ, ಐದು ಎಣಿಸುವಷ್ಟು ನಿಧಾನವಾಗಿ ಕೈ ನೀಳವಾಗುವ ತನಕ ಇಳಿಯುವುದು. ಸ್ನಾಯು ತಾನು ಎತ್ತಲಾಗದ ಭಾರವನ್ನೂ ತಡೆತಡೆದು ಇಳಿಸಬಲ್ಲದು. ಹಾಗೆ ಇಳಿಸುತ್ತಲೇ ಎತ್ತುವ ಶಕ್ತಿಯೂ ಕೂಡುತ್ತದೆ. ನಾಲ್ಕೈದು ಸಲ ಸಾಕು, ನಡುವೆ ಒಂದು ದಿನದ ಬಿಡುವು ಬೇಕು, ಏಕೆಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುಗಳು ಸ್ನಾಯುವಿನಷ್ಟು ಬೇಗ ಬಲಗೊಳ್ಳುವುದಿಲ್ಲ. ನನ್ನ ಮೊಣಕೈ ನೋವಿಗೆ ಈ ಅವಸರವೇ ಕಾರಣವೆಂದು ಆಮೇಲೆ ತಿಳಿಯಿತು.

ಬಾರಿನ ಬಗ್ಗೆಯೂ ಒಂದು ಮಾತು ಬರೆಯಿಸಿ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿಮಾಡುವ ಬಗೆಯದು ನಿಲ್ಲುವುದು ಬರೀ ಒತ್ತಡ ಮತ್ತು ಘರ್ಷಣೆಯಿಂದ. ನುಣುಪು ಬಣ್ಣದ ಮರದಲ್ಲಿ, ತೂಗಾಡುವ ಮೈಯ ಕೆಳಗೆ ಅದು ಸಡಿಲವಾಗಬಹುದು. ನನ್ನದು ಒಮ್ಮೆ ಜಾರಿ, ನಾನು ಕುಂಡೆಯೂರಿ ಬಿದ್ದು, ವಾರವಿಡೀ ಒರಗಿ ಕೂರಬೇಕಾಯಿತು. ಗೋಡೆಗೆ ತಿರುಪುಮೊಳೆಯಿಂದ ಕೂರಿಸುವ ಬಾರ್ ಮೇಲು. ಅದಾಗದವರು ಪ್ರತಿ ಸಲವೂ ಕಾಲು ನೆಲದಲ್ಲೇ ಇಟ್ಟು, ಅರ್ಧ ಭಾರ ಹಾಕಿ ಜಗ್ಗಿ ನೋಡಿದ ಮೇಲಷ್ಟೇ ಜೋತುಬೀಳಬೇಕು.

ಮುಂದಿನ ಲೇಖನದಲ್ಲಿ ಹತ್ತರ ಲೆಕ್ಕಕ್ಕೆ ಮೊದಲು ಇದಿಷ್ಟಕ್ಕೆ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ