ಭಾನುವಾರದ ಮಾತುಕತೆ: ಲೂಯಿಸ್ ಕೊಂಪಾನಿಸ್

ಎಲ್ರಿಗೂ ನಮಸ್ಕಾರ, ಈ ಭಾನುವಾರ ಸಂಜೆ 6ಕ್ಕೆ ಕಾಲ್‌ನಲ್ಲಿ ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದ ಅಧ್ಯಕ್ಷರಾಗಿದ್ದ ಕೊಂಪಾನಿಸ್ ಬಗ್ಗೆ ಮಾತಾಡೋಣ, ದಯವಿಟ್ಟು ತಪ್ಪಿಸ್ಬೇಡಿ. 1934ರಲ್ಲಿ ಕ್ಯಾಟಲನ್ ರಾಜ್ಯ ಅಂತ ಘೋಷಣೆ ಮಾಡಿ ಜೈಲಿಗೆ ಹೋದ್ರು, 1936ರ ಚುನಾವಣೆ ಆದ್ಮೇಲೆ ಹೊರಗೆ ಬಂದ್ರು, ಕೆಲವೇ ತಿಂಗಳಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರು. ಬಾರ್ಸಿಲೋನಾ ಬೀದೀಲಿ ಬಂದೂಕು ಹಿಡಿದಿದ್ದ ಅನಾರ್ಕಿಸ್ಟ್ (ಸರ್ಕಾರವೇ ಬೇಡ ಅನ್ನೋ) ಕಾರ್ಮಿಕರನ್ನ ಜೊತೇಲಿ ಇಟ್ಕೊಂಡೇ ಸರ್ಕಾರ ನಡೆಸ್ಬೇಕಾಯ್ತು, ಆ ದಿನಗಳ ಕೊಲೆಗಳನ್ನ ಪೂರ್ತಿ ತಡೆಯೋಕೆ ಆಗ್ಲಿಲ್ಲ, ಅದನ್ನೂ ಮುಚ್ಚಿಡದೆ ಮಾತಾಡ್ಬೇಕು. 1939ರಲ್ಲಿ ಯುದ್ಧ ಸೋತು ಫ್ರಾನ್ಸ್‌ಗೆ ಹೋದೋರು ಕಾಯಿಲೆ ಮಗ ಎಲ್ಲಿದಾನೋ ಅಂತ ಹುಡುಕ್ತಾ ಅಲ್ಲೇ ಉಳಿದ್ಬಿಟ್ರು, ಇದನ್ನ ಓದಿದಾಗ ನಂಗೆ ಕರುಳು ಕಿತ್ತು ಬಂತು. 1940ರ ಆಗಸ್ಟ್‌ನಲ್ಲಿ, ಫ್ರಾನ್ಸ್ ಆಕ್ರಮಿಸಿದ್ದ ಜರ್ಮನ್ನರು ಹಿಡಿದು, ಆಮೇಲೆ ಅಂತರ್ಯುದ್ಧ ಗೆದ್ದು ಸ್ಪೇನ್‌ನ ಸರ್ವಾಧಿಕಾರಿಯಾಗಿದ್ದ ಫ್ರಾಂಕೋ ಕಡೆಯವರಿಗೆ ಒಪ್ಪಿಸಿದ್ರು. ಅಕ್ಟೋಬರ್ 15ಕ್ಕೆ ಬಾರ್ಸಿಲೋನಾದ ಮೊಂಜುಯಿಕ್ ಕೋಟೇಲಿ ಗುಂಡಿಟ್ಟು ಕೊಂದ್ರು, ಕಣ್ಣಿಗೆ ಬಟ್ಟೆ ಬೇಡ ಅಂದ್ರಂತೆ. ಬರೋರು ಶನಿವಾರದೊಳಗೆ ಇಲ್ಲೇ ಮೆಸೇಜ್ ಹಾಕಿ.