ಮಗಳಿಗೊಂದು ಪತ್ರ: ಇಪ್ಪತ್ತು ಸುತ್ತು ಮುಗಿಯಿತು

ಗದಗ, ಭಾನುವಾರ

ಮಗಳೇ,

"ಅಪ್ಪಾ, ಕೌದಿ ಎಲ್ಲಿಗೆ ಬಂತು?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. "ನಡೀತಾ ಇದೆ" ಅಂದೆ. ನೀನು ನಕ್ಕುಬಿಟ್ಟೆ. ನಗು ಬರೋದೇ. ನಲವತ್ತು ವರ್ಷ ಗಿರಾಕಿಗಳಿಗೆ ನಾನು ಹೇಳಿದ್ದು ಅದೇ ಮಾತು. "ನಡೀತಾ ಇದೆ, ನಾಳೆ ಬನ್ನಿ" ಅನ್ನುತ್ತಿದ್ದೆ. ಬಟ್ಟೆಗೆ ಇನ್ನೂ ಕತ್ತರಿ ಸೋಕಿರುತ್ತಿರಲಿಲ್ಲ. ಆದರೆ ಈ ಸಲ ಸುಳ್ಳಲ್ಲ. ತುಂಡು ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿಯುವ ಈ ಹೊದಿಕೆಗೆ ಇಪ್ಪತ್ತು ಸುತ್ತು ಹೊಲಿಗೆ ಮುಗಿದಿದೆ.

ಅಂಗಡಿ ಮುಚ್ಚಿದ ದಿನ ಮನೆಗೆ ಬಂದದ್ದು ಒಂದು ಮಶಿನ್, ಎರಡು ಕತ್ತರಿ, ಏಳು ಗೋಣಿಚೀಲ ತುಂಡು ಬಟ್ಟೆ. ಮಶಿನ್ನಿಗೆ ನಿಮ್ಮಮ್ಮ ಜಾಗ ಕೊಟ್ಟಳು. ಚೀಲಗಳಿಗೆ ಇವತ್ತಿಗೂ ಕೊಟ್ಟಿಲ್ಲ. ಅಂಗಡಿಯಲ್ಲಿ ನನ್ನದೊಂದು ಲೆಕ್ಕವಿತ್ತು. ಬ್ಲೌಸ್ ಕತ್ತರಿಸಿದ ಮೇಲೆ ಗೇಣಿಗಿಂತ ದೊಡ್ಡದು ಉಳಿದರೆ ಅದು ಗಿರಾಕಿಯದು, ಮಡಚಿ ಜೊತೆಗೇ ಕೊಡಬೇಕು. ಅದಕ್ಕಿಂತ ಚಿಕ್ಕದು ನನ್ನದು. ಹಾಗಾಗಿ ಏಳು ಚೀಲದಲ್ಲಿ ಇರುವುದೆಲ್ಲ ಅಂಗೈ ಅಗಲದ್ದೇ. ಗುಳೇದಗುಡ್ಡದ ಖಣ, ಟೂ ಬೈ ಟೂ ಬ್ಲೌಸ್ ಬಟ್ಟೆ, ಒಳಗೆ ಹಾಕುವ ಅಸ್ತರ್, ಯಾರದೋ ಮದುವೆಯ ಜರಿ.

ಮೊದಲು ನಾನು ಮಾಡಿದ್ದು ಬಣ್ಣ ನೋಡಿ ವಿಂಗಡಿಸುವ ಕೆಲಸ. ದರ್ಜಿಯಾಗಿದ್ದೂ ಹೀಗೆ ಮಾಡಿದೆ ನೋಡು! ಕೆಂಪಿನ ಗುಡ್ಡೆಯಲ್ಲಿ ಹತ್ತಿ, ಪಾಲಿಯೆಸ್ಟರ್ ಎಲ್ಲ ಕೂಡಿಬಿಟ್ಟವು. ಒಂದು ಸಣ್ಣ ಕೌದಿ ಹೊಲಿದು ಒಗೆದೆ. ಹತ್ತಿ ಕುಗ್ಗಿತು, ಪಾಲಿಯೆಸ್ಟರ್ ಕುಗ್ಗಲಿಲ್ಲ, ಮೇಲ್ಮೈಯೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಅದು ಸಾಲದು ಅಂತ ಒಂದು ಕೆಂಪು ತುಂಡು ಬಣ್ಣ ಬಿಟ್ಟು ಒಳಪದರಕ್ಕೆ ಹಾಕಿದ್ದ ಧೋತರವೆಲ್ಲ ಗುಲಾಬಿಯಾಯಿತು. ಈಗ ಬಟ್ಟೆಯ ಜಾತಿ ನೋಡಿ ಬೇರೆ ಮಾಡುತ್ತೇನೆ. ಹೊಸ ಹತ್ತಿಯನ್ನು ಮೊದಲೇ ನೆನೆಸಿ ಒಣಗಿಸುತ್ತೇನೆ. ಬಣ್ಣ ಆಮೇಲಿನ ಮಾತು.

ಆ ಕೌದಿಯನ್ನು ಹೊಲಿದದ್ದು ಮಶಿನ್ನಿನಲ್ಲಿ ಅನ್ನೋದನ್ನ ನಿನಗೆ ಹೇಳಿರಲಿಲ್ಲ. ಐದು ಪದರ. ಮಶಿನ್ನಿನ ಕಾಲು ಮೇಲಿನ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ, ಕೆಳಗಿನ ಹಲ್ಲು ಕೆಳಗಿನದನ್ನು ಮುಂದಕ್ಕೆ ಎಳೆಯುತ್ತದೆ. ನಡುವಿನ ಪದರಗಳು ಎತ್ತ ಹೋಗಬೇಕೋ ತಿಳಿಯದೆ ನೆರಿಗೆ ಕಟ್ಟಿದವು. ಕೈಹೊಲಿಗೆಯಲ್ಲಿ ಆ ಗೋಳಿಲ್ಲ. ಬಟ್ಟೆ ನೆಲದ ಮೇಲೆ ಹಾಸಿರುತ್ತದೆ, ನಾವೇ ಅದರ ಮೇಲೆ ಕೂತು ಸರಿಯುತ್ತೇವೆ. ನನ್ನ ಅವ್ವ ಹಾಗೇ ಹೊಲಿಯುತ್ತಿದ್ದಳು. ಕೆಳಗೆ ಹಳೆ ಇಳಕಲ್ ಸೀರೆ, ನಡುವೆ ಸವೆದ ಧೋತರ, ಮೇಲೆ ತುಂಡುಗಳು. ಹಳೇ ಬಟ್ಟೆಯೇ ಯಾಕೆ ಅಂದರೆ, ಒಗೆದೊಗೆದು ಅದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಮೆತ್ತಗಿರುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ.

ಈಗ ಸುತ್ತಿನ ಲೆಕ್ಕಕ್ಕೆ ಬರುತ್ತೇನೆ. ನಿನಗೆ ಹೇಳಬೇಕು ಅಂತ ಇದ್ದದ್ದು ಇದನ್ನೇ.

ನನ್ನ ಕೌದಿ 6 ಅಡಿಗೆ 7 ಅಡಿ. ಅಂಚಿನಿಂದ ಶುರು ಮಾಡಿ ಒಳಕ್ಕೆ ಸುತ್ತುತ್ತಾ ಹೊಲಿಯಬೇಕು. ಸಾಲಿನಿಂದ ಸಾಲಿಗೆ ಅರ್ಧ ಇಂಚು. ಟೇಪು ಹಿಡಿದು ಕೂತು ಲೆಕ್ಕ ಹಾಕಿದೆ. ಒಟ್ಟು 72 ಸುತ್ತು, ಸುಮಾರು 1,000 ಅಡಿ ಹೊಲಿಗೆ! ಇಂಚಿಗೆ ಮೂರು ಹೊಲಿಗೆಯಂತೆ 36,000. ಆ ರಾತ್ರಿ ಊಟ ಸೇರಲಿಲ್ಲ. ಮೊದಲ ಸುತ್ತೇ 26 ಅಡಿ. ನಾನು ದಿನಕ್ಕೆ ಹೊಲಿಯುವುದು 12 ಅಡಿ. ಎರಡು ದಿನ ಕೂತು ಎದ್ದರೂ ಒಂದು ಸುತ್ತು ಮುಗಿದಿರಲಿಲ್ಲ, ನೋಡಿದರೆ ಬಟ್ಟೆ ಇದ್ದಹಾಗೇ ಇದೆ. ಅಂಚಿನಲ್ಲಿ ಒಂದು ಗೆರೆ, ಅಷ್ಟೇ. ನಮ್ಮ ಓಣಿಯಲ್ಲಿ ಅರ್ಧಕ್ಕೆ ನಿಂತ ಕೌದಿಗಳನ್ನು ಟ್ರಂಕಿನಿಂದ ತೆಗೆಸಿ ನೋಡಿದ್ದೇನೆ. ನಡುವೆ ಬಂದು ನಿಂತದ್ದು ಒಂದೂ ಇಲ್ಲ. ಎಲ್ಲ ಮೂರು, ನಾಲ್ಕು, ಐದನೇ ಸುತ್ತಿಗೇ ನಿಂತಿವೆ.

ಆದರೆ ಪ್ರತಿ ಸುತ್ತಿಗೂ ನಾಲ್ಕು ಇಂಚು ಕಮ್ಮಿಯಾಗುತ್ತಾ ಹೋಗುತ್ತದೆ. ಇಪ್ಪತ್ತನೆಯದು 20 ಅಡಿಗೆ ಇಳಿಯಿತು. ಕೊನೆಯದು ಎರಡು ಅಡಿ ಚಿಲ್ಲರೆ. ಇಪ್ಪತ್ತೇ ಸುತ್ತು ಅಂತ ನಗಬೇಡ. 72ರಲ್ಲಿ ಇಪ್ಪತ್ತು ಅಂದರೆ ಕಾಲುಭಾಗದ ಹಾಗೆ ಕಾಣುತ್ತದೆ. ಉದ್ದ ಹಿಡಿದರೆ 460 ಅಡಿ ಹತ್ತಿರ ಆಗಿದೆ, ಅರ್ಧಕ್ಕೆ ಸ್ವಲ್ಪ ಕಮ್ಮಿ ಅಷ್ಟೇ.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದೀಯಾ? ಅದನ್ನು ಕವಂದಿ ಅನ್ನುತ್ತಾರೆ. ಅವರು ಮೇಲಿನ ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಮೂಲೆಯಿಂದ ಶುರು ಮಾಡಿ, ತುಂಡಿನ ಅಂಚು ಮಡಚಿ ಇಡುತ್ತಾ, ಹೊಲಿಯುತ್ತಾ, ನಡುವಿಗೆ ಬರುತ್ತಾರೆ. ಕೈಗೆ ಸಿಕ್ಕ ತುಂಡೇ ಮುಂದಿನ ತುಂಡು. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವು ಇಡುತ್ತಾರೆ, ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದ ಹಾಗಂತೆ. ನನ್ನ ಏಳು ಚೀಲಕ್ಕೆ ಇದೇ ದಾರಿ ಸರಿ ಅನ್ನಿಸಿತು. ಹೂವು ಮಾತ್ರ ನನಗೆ ಬರಲಿಲ್ಲ, ಸಮೋಸಾ ಆಯಿತು.

ಇನ್ನು ನೀನು ಹೊಲಿಯಲು ಹೊರಟ ಕೌದಿಯ ಮಾತು. ತುಂಡು ಬಟ್ಟೆ ಸಿಗಲಿಲ್ಲ ಅಂತ ಪುಣೆಯಲ್ಲಿ ಮೂರು ಮೀಟರ್ ಹೊಸ ಬಟ್ಟೆ ತಂದು, ಅದನ್ನೇ ಕತ್ತರಿಸಿ ತುಂಡು ಮಾಡಿದೆಯಂತೆ. ನಿಮ್ಮಮ್ಮ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ, ಅವಳಿಗೂ ನಗು ತಡೆಯಲಾಗಲಿಲ್ಲ. ಎರಡಿಂಚಿನ ಚೌಕ ಮಾತ್ರ ಬೇಡ. ಸುತ್ತ ಕಾಲಿಂಚು ಹೊಲಿಗೆಗೆ ಹೋದರೆ ಮೇಲೆ ಕಾಣುವುದು ಒಂದೂವರೆ ಇಂಚು. ಹತ್ತಿರ ಹತ್ತಿರ ಅರ್ಧ ಬಟ್ಟೆ ಒಳಗೇ ಅಡಗಿಹೋಗುತ್ತದೆ. ನಾಲ್ಕಿಂಚಿನದಾದರೆ ನಷ್ಟ ಕಾಲುಭಾಗಕ್ಕಿಂತ ಕಮ್ಮಿ. ಉಳಿದ ಚೂರುಗಳನ್ನು ಎಸೆಯಬೇಡ, ದಿಂಬಿಗೆ ತುಂಬು. ಕತ್ತರಿಸಿಟ್ಟ ಚೌಕಗಳನ್ನು ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೀಯಲ್ಲ, ಹೊರಗೆ ತೆಗೆದು ಕಣ್ಣಿಗೆ ಬೀಳುವ ಹಾಗೆ ಕುರ್ಚಿಯ ಮೇಲೆ ಇಡು. ಕಪಾಟಿಗೆ ಹೋದ ಬಟ್ಟೆ ಏನಾಗುತ್ತದೆ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಕಣ್ಣಿಗೆ ಈಗ ಸೂಜಿಯ ತೂತು ಕಾಣಲ್ಲ. ಬೆಳಿಗ್ಗೆ ಚಹಾ ಆದಮೇಲೆ ನಿಮ್ಮಮ್ಮ ಐದು ಸೂಜಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತಾಳೆ. ಒಂದು ಮಾರು ದಾರ ಎರಡೆಳೆ ಮಾಡಿದರೆ ಎರಡೂವರೆ ಅಡಿ ಹೊಲಿಗೆ ಬರುತ್ತದೆ. ಐದು ಖಾಲಿಯಾದರೆ ಆ ದಿನದ 12 ಅಡಿ ಮುಗಿದ ಹಾಗೆ. ಆರನೆಯದು ಕೇಳಿದರೆ ಕೊಡಲ್ಲ, ಬೆನ್ನು ನೋಯಿಸಿಕೊಳ್ತೀರಿ ಅಂತಾಳೆ.

ಇವತ್ತು ನಿನಗೆ ಬರೆಯುತ್ತಾ ಕೂತು ಇನ್ನೂ ಎರಡು ಹಾಗೇ ಉಳಿದಿವೆ. ಬೆಳಕಿರುವಾಗಲೇ ಹೊಲಿದುಬಿಡುತ್ತೇನೆ.

ಅಪ್ಪ